ಹುಳಿ ನೋಡುವ ಕೋನಪ್ಪ

ನಗರಗೆರೆಯ ಕೋನಪ್ಪ ಮನೆಯ ಹಿತ್ತಲಲ್ಲೇ ಉಣ್ಣೆಗೆ ಬಣ್ಣ ಹಾಕುವವನು. ಕಂಬಳಿಯ ಅಂಚಿಗೆ ಕೆಂಪು ಉಣ್ಣೆ ಬೇಕೆಂದರೆ ಸುತ್ತಿನ ನೇಕಾರರಿಗೆಲ್ಲ ಅವನೇ ಗತಿ. ಅರಗಿನ ಬಣ್ಣದ ನೀರಿಗೆ ಹುಣಸೆಹಣ್ಣು ಕಿವುಚಿ, ಕುದಿಸಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡುವನು. ಹುಳಿ ಕಡಿಮೆಯಾದರೆ ಬಣ್ಣ ನಿಲ್ಲದು, ಹೆಚ್ಚಾದರೆ ಉಣ್ಣೆ ಒರಟಾಗುತ್ತದೆ. ತಕ್ಕಡಿಯಿಲ್ಲ, ಅಳತೆಯಿಲ್ಲ; ಇದ್ದದ್ದು ಅದೊಂದು ನಾಲಿಗೆ.

ಆ ನಾಲಿಗೆಗೆ ಎಲ್ಲರಿಗಿಂತ ಹೆಚ್ಚು ತುತ್ತಾದವಳು ಹೆಂಡತಿ ಅಕ್ಕಯಮ್ಮ. ಮದುವೆಯಾದಾಗಿನಿಂದ ಅವಳ ಸಾರನ್ನು ಒಂದು ದಿನವೂ ಹೊಗಳಿದವನಲ್ಲ ಪುಣ್ಯಾತ್ಮ. "ಉಪ್ಪು ಮುಂದು, ಹುಳಿ ಹಿಂದು" ಎಂದು ಮೂತಿ ತಿರುವುತ್ತಲೇ ಎರಡು ಮುದ್ದೆ ಇಳಿಸುತ್ತಿದ್ದ. ಹೋದ ಮಳೆಗಾಲದ ಜ್ವರ ಬಿಟ್ಟ ಮೇಲೆ ಮಾತ್ರ ಬಡಿಸಿದ್ದನ್ನು ಸದ್ದಿಲ್ಲದೆ ಉಣ್ಣತೊಡಗಿದ. ಹೇಗಿದೆಯೆಂದು ಕೇಳಿದರೆ "ಚೆನ್ನಾಗೈತೆ" ಎನ್ನುತ್ತಿದ್ದ. ಅಕ್ಕಯಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು: "ಜ್ವರ ಬಂದು ನಮ್ಮಾಯಪ್ಪಂಗೆ ಬುದ್ಧಿ ಬಂತು ಕಣೇ!"

ಬುದ್ಧಿ ಬಂದಿರಲಿಲ್ಲ, ರುಚಿ ಹೋಗಿತ್ತು. ಗೌರಿಬಿದನೂರಿನ ಡಾಕ್ಟರಿಗೆ ಗುಟ್ಟಾಗಿ ತೋರಿಸಿದಾಗ, "ಬಂದ್ರೂ ಬರ್ಬೋದು, ನೋಡೋಣ" ಎಂದಿದ್ದರು. ಬಾಯಿ ಬಿಟ್ಟರೆ ಕಸುಬೂ ಹೋಯಿತು, ಹೆಂಡತಿಯ ಸಂತೋಷವೂ ಹೋಯಿತು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಒದ್ದಾಡಿದ. ಅಂದಾಜಿನ ಮೇಲೇ ಬಣ್ಣ ಹಾಕಿ ಕೊಟ್ಟ.

ಕೊನೆಗೊಂದು ದಿನ ನೇಕಾರ ಬಯ್ಯಪ್ಪ ಒದ್ದೆ ಕಂಬಳಿ ತಂದು ಜಗಲಿಯ ಮೇಲೆ ಹರವಿದ. ಕೆಂಪಗಿರಬೇಕಾದ ಅಂಚು ಬಿಳಿಚಿಕೊಂಡಿತ್ತು.

"ಏನ್ ಮಾವ ಇದು? ಒಂದ್ಸಲ ನೆನೆಸಿದ್ದಕ್ಕೇ ಬಣ್ಣ ಇಳ್ಕೊಂಡ್ ಬಂತು! ಇನ್ನೊಂದ್ಸಲ ಹಾಕ್ಕೊಡು. ಇದೂ ನಿಲ್ಲಿಲ್ಲ ಅಂದ್ರೆ ನಾನು ಪ್ಯಾಕೆಟ್ ಬಣ್ಣಕ್ಕೇ ಹೋಗ್ಬೇಕಾಗ್ತದೆ" ಎಂದು ಉಣ್ಣೆಯ ಹೊಸ ಗಂಟು ಇಟ್ಟು ಹೋದ.

ಮಾರನೆಯ ಬೆಳಿಗ್ಗೆ ಹಂಡೆ ಕುದಿಯುತ್ತಿತ್ತು. ಕೋನಪ್ಪ ಮತ್ತೆ ಮತ್ತೆ ಬೆರಳದ್ದಿ ನೆಕ್ಕಿದ. ಬರೀ ಬಿಸಿನೀರು. ಅಳು ಬಂದುಬಿಟ್ಟಿತು, ಪಾಪ. ಬೇರೆ ದಾರಿಯಿಲ್ಲದೆ ಹೆಂಡತಿಯನ್ನು ಕರೆದ.

"ಇದನ್ನ ಒಸಿ ನೋಡೇ. ಹುಳಿ ಸಾಕಾ?"

"ನನ್ ನಾಲಿಗೇನ ಯಾವಾಗ್ಲಿಂದ ನಂಬಿದ್ದಪ್ಪಾ?" ಅಕ್ಕಯಮ್ಮ ನಕ್ಕಳು.

"ನಂಗೆ ಗೊತ್ತಾಗ್ತಿಲ್ಲ ಕಣೇ. ಜ್ವರ ಬಂದಾಗ್ಲಿಂದ ಏನೂ ಗೊತ್ತಾಗ್ತಿಲ್ಲ."

ಅವಳ ನಗು ಅಲ್ಲೇ ನಿಂತಿತು. "ಏನೂ ಅಂದ್ರೆ... ನನ್ ಸಾರೂನಾ?"

ಕೋನಪ್ಪ ತಲೆ ತಗ್ಗಿಸಿದ. ಅಕ್ಕಯಮ್ಮ ಹಂಡೆಗೆ ಬೆರಳದ್ದಿ ಚಪ್ಪರಿಸಿದಳು.

"ಹುಳಿ ಐತೆ. ಎಷ್ಟಿರ್ಬೇಕು?"

ಎಷ್ಟೆಂದು ಹೇಳುವುದು? ಅದನ್ನು ಯಾರಿಗೂ ಮಾತಿನಲ್ಲಿ ಹೇಳಿದವನಲ್ಲ. ಈಗ ನೆನಪಿಸಿಕೊಳ್ಳಲು ಹೋದರೆ ಬಾಯಿಗೆ ಆ ಹುಳಿಯೇ ಬರಲೊಲ್ಲದು.

"ಅಷ್ಟೇ... ಅಷ್ಟಿರ್ಬೇಕು ಕಣೇ" ಎಂದ.

ಅವಳು ಇನ್ನೊಮ್ಮೆ ರುಚಿ ನೋಡಿದಳು. ಗಂಡನ ಮುಖ ನೋಡಿದಳು. "ಚೆನ್ನಾಗೈತೆ, ಹಾಕು" ಎಂದಳು.

ಹುಳಿ ನೋಡಿ ಹೇಳಿದಳೋ, ಅವನ ಮುಖ ನೋಡಿ ಹೇಳಿದಳೋ, ಕೇಳುವ ಧೈರ್ಯ ಅವನಿಗಾಗಲಿಲ್ಲ. ಗಂಟು ಬಿಚ್ಚಿ ಉಣ್ಣೆಯನ್ನು ಹಂಡೆಗೆ ಬಿಟ್ಟ.