ಮೆಕ್ಯಾನಿಕ್ಕಣ್ಣ ನೋಡಿಯೂ ಸುಮ್ಮನಿದ್ದ

ಮೊನ್ನೆ ಮಂಡ್ಯದಲ್ಲಿ ಲೈಸೆನ್ಸ್ ಟೆಸ್ಟ್ ನಡೆಯುವ ಮೈದಾನದ ಬೇಲಿ ಹಿಡಿದು ನಿಂತಿದ್ದೆ. ಒಳಗೆ ನನ್ನ ಮೊಮ್ಮಗಳು ಮೊಪೆಡ್ಡಿನಲ್ಲಿ ಎಂಟು ಹೊಡೆಯುತ್ತಿದ್ದಳು. ಅದೇ ಹೊತ್ತಿಗೆ ಯಾರೋ ಹಿಂದಿನ ಕಾಲದ ಟೂ ಸ್ಟ್ರೋಕ್ ಗಾಡಿಯೊಂದನ್ನು ಪಟಪಟ ಎನ್ನಿಸುತ್ತಾ ರಸ್ತೆಯಲ್ಲಿ ಹೋದರು. ನೀಲಿ ಹೊಗೆ ಬೇಲಿ ದಾಟಿ ಬಂದು ಮೂಗಿಗೆ ಹೊಡೆಯಿತು. ಪೆಟ್ರೋಲಿನ ಜೊತೆ ಆಯಿಲ್ ಸುಟ್ಟ ಆ ವಾಸನೆ... ಹುಡುಗಿ ಒಂದು ಸಲವೂ ಕಾಲು ಊರದೆ ಎಂಟು ಮುಗಿಸಿದಳು. ಪಾಸು! ಅಲ್ಲಿದ್ದವರ ಮುಂದೆ ನಾನು ಕುಣಿಯುವುದೊಂದು ಬಾಕಿ. ಅಷ್ಟು ಸಂತೋಷದಲ್ಲೂ ತಲೆಗೆ ಬಂದ ಮೊದಲ ಮಾತು ಇದು: ಇದನ್ನು ಅವನು ನೋಡಿ ಹೊಟ್ಟೆ ಉರಿದುಕೊಳ್ಳಬೇಕಾಗಿತ್ತು.

ಅವನು ಅಂದರೆ ಮದ್ದೂರಿನ ಎಳನೀರು ಮಾರುಕಟ್ಟೆಯ ಹತ್ತಿರ ಅಂಗಡಿ ಇಟ್ಟಿದ್ದ ಮೆಕ್ಯಾನಿಕ್ಕಣ್ಣ. ಆಗ ನಮ್ಮ ಯಜಮಾನರು ಮರ ಹತ್ತಿ ಗೊನೆ ಇಳಿಸುತ್ತಿದ್ದರು, ಮೊಪೆಡ್ಡಿಗೆ ಕಟ್ಟಿಕೊಂಡು ಮಾರುಕಟ್ಟೆಗೆ ಸಾಗಿಸುವ ಕೆಲಸ ನನ್ನದು. ಅರವತ್ತು ಎಳನೀರು ಹೇರಿದರೆ ಹಿಂದಿನಿಂದ ನೋಡುವವರಿಗೆ ನಾನು ಕಾಣುತ್ತಲೇ ಇರಲಿಲ್ಲ. ನನ್ನಂತೆ ಲೋಡು ಹೊರುವವರು ಬಹಳ ಜನ ಇದ್ದರು. ಹೆಂಗಸು ಮಾತ್ರ ನಾನೊಬ್ಬಳೇ. ಲೋಡು ಇಳಿಸಿದ ಮೇಲೆ ಎಲ್ಲರೂ ಸೇರುತ್ತಿದ್ದದ್ದು ಅವನ ಅಂಗಡಿಯ ತಗಡಿನ ನೆರಳಿಗೆ.

ಟೂ ಸ್ಟ್ರೋಕ್ ಮೊಪೆಡ್ ತಯಾರಾಗುವುದು ನಿಂತುಹೋಗಿ ಫೋರ್ ಸ್ಟ್ರೋಕ್ ಬಂದ ಹೊಸತು. ನಮ್ಮ ಗುಂಪಿನಲ್ಲಿ ಅದನ್ನು ಮೊದಲು ತಂದವಳು ನಾನು. ಅವತ್ತಿನಿಂದ ಅಲ್ಲಿ ದಿನವೂ ಜಗಳ.

“ಏನಮ್ಮಿ, ಸದ್ದೇ ಇಲ್ವಲ್ಲ ನಿನ್ ಗಾಡಿ? ನೆಗಡಿ ಆದ ಬೆಕ್ಕು ಉಸ್ರಾಡ್ದಂಗೈತೆ” ಅನ್ನುತ್ತಿದ್ದ ಮೆಕ್ಯಾನಿಕ್ಕಣ್ಣ.

“ಪೆಟ್ರೋಲು ಉಳೀತದೆ ಕಣಣ್ಣ” ಅಂತ ಮಳವಳ್ಳಿ ಕಡೆಯ ಸವಾರನೊಬ್ಬ ನನ್ನ ಪರ ಮಾತಾಡಿದ.

“ಉಳಿಸ್ಕೊಂಡು ದಿಬ್ಬದಲ್ಲಿ ಇಳ್ದು ತಳ್ಳು, ಓಗ್ಲಾ! ಲೋಡ್ ಎಳಿಯಾಕೆ ಟೂ ಸ್ಟ್ರೋಕೇ ಬೇಕು.”

“ನಾನ್ ಇಳ್ದೂ ಇಲ್ಲ, ತಳ್ಳೂ ಇಲ್ಲ. ಕುಂತ್ಕೊಂಡೇ ಹತ್ತಿವ್ನಿ” ಅಂದೆ. ಗುಂಪೆಲ್ಲ ನಕ್ಕಿತು. ಅವನು ಮಾತ್ರ ನಗಲಿಲ್ಲ. ಆ ಮುಖವನ್ನು ನಾನು ಅವತ್ತೇ ಸರಿಯಾಗಿ ನೋಡಬೇಕಾಗಿತ್ತು...

ಟೂ ಸ್ಟ್ರೋಕಿನಲ್ಲಿ, ಪೆಟ್ರೋಲು ಹಾಕಿದಾಗಲೆಲ್ಲ ಟ್ಯಾಂಕಿಗೇ ಒಂದಿಷ್ಟು ಆಯಿಲ್ ಬೆರೆಸಬೇಕು. ಅಷ್ಟೇ, ಎಂಜಿನ್ನಿಗೆ ಬೇರೆ ಏನೂ ಬೇಡ. ಹದಿನೈದು ವರ್ಷ ಹಾಗೇ ಪಳಗಿದ ಕೈ ನನ್ನದು. ಫೋರ್ ಸ್ಟ್ರೋಕಿಗೆ ಟ್ಯಾಂಕಿನಲ್ಲಿ ಬೆರೆಸುವ ಹಾಗಿಲ್ಲ. ಎಂಜಿನ್ನಿನ ಹೊಟ್ಟೆಯೊಳಗೆ ಬೇರೆ ಆಯಿಲ್ ಇರುತ್ತದೆ, ಅಳತೆ ಕಡ್ಡಿ ತೆಗೆದು ನೋಡುತ್ತಿರಬೇಕು, ಬದಲಾಯಿಸಬೇಕು. ಗಾಡಿ ಕೊಟ್ಟವರು ಹೇಳಿದ್ದರು. ಆಯಿಲ್ ಎಂದು ಕಿವಿಗೆ ಬಿದ್ದದ್ದೇ, ನನಗೆ ಗೊತ್ತಿಲ್ಲದ್ದಾ ಅಂತ ತಲೆಯಾಡಿಸಿ ಬಂದುಬಿಟ್ಟಿದ್ದೆ. ಆ ತಪ್ಪು ನನ್ನದೇ.

ಆದರೆ ವಾರಕ್ಕೊಮ್ಮೆ ನನ್ನ ಹೊಸ ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆದು ಆಯಿಲ್ ಸುರಿಯುತ್ತಿದ್ದವನು ಮೆಕ್ಯಾನಿಕ್ಕಣ್ಣ. ತನ್ನ ಕೈಯಾರೆ.

“ಅಣ್ಣ, ಇದ್ಕೆ ಬೇರೆ ಏನಾರ ನೋಡ್ಬೇಕಾ?” ಅಂತ ನಾನು ಬಾಯಿಬಿಟ್ಟು ಕೇಳಿದ್ದೆ.

“ಹೊಸ ಗಾಡಿ ಕಣಮ್ಮಿ. ಏನೂ ಬ್ಯಾಡ, ಓಡ್ಸು” ಅಂದಿದ್ದ.

ಏಳನೇ ತಿಂಗಳು ಶಿವಪುರದ ಹತ್ತಿರ, ತುಂಬಿದ ಲೋಡಿನಲ್ಲಿ, ಎಂಜಿನ್ ಕರಕರ ಎಂದು ಕಚ್ಚಿಕೊಂಡು ನಿಂತಿತು. ಸುಡುಬಿಸಿಲು. ತಳ್ಳಿಕೊಂಡು ಅವನ ಅಂಗಡಿಯ ಮುಂದೆ ಬಂದಾಗ ನನ್ನ ಸೀರೆಯೆಲ್ಲ ಒದ್ದೆ. ಅವನು ಗಾಡಿಯನ್ನು ಬಗ್ಗಿಯೂ ನೋಡಲಿಲ್ಲ. ಗುಂಪಿನ ಕಡೆ ತಿರುಗಿ, “ನೋಡ್ರಪ್ಪಾ, ನಾನ್ ಯೋಳ್ನಿಲ್ವಾ? ಬೆಕ್ಕು ಸತ್ತೋಯ್ತು” ಅಂದ. ಎಲ್ಲರೂ ನಕ್ಕರು. ಹೊಸ ಗಾಡಿ ತರಬೇಕೆಂದಿದ್ದ ಮೂವರು ಅವತ್ತೇ ಮನಸ್ಸು ಬದಲಾಯಿಸಿದರು.

ಮಳವಳ್ಳಿಯಲ್ಲಿ ಬೇರೊಬ್ಬ ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. “ಅಕ್ಕ, ಒಳಗೆ ಒಂದು ತೊಟ್ಟು ಆಯಿಲ್ ಇಲ್ಲ. ದಿನಾ ನೋಡೋ ಮೆಕ್ಯಾನಿಕ್ ಯೋಳ್ನಿಲ್ವಾ? ಆಯಿಲ್ ಸುಟ್ಟು ಬರೋ ಹೊಗೆ ನೋಡಿದ್ರೇ ಗೊತ್ತಾಯ್ತಿತ್ತಲ್ಲ” ಅಂದ. ಆಗ ತಿಳಿಯಿತು. ಅವನು ನೋಡಿದ್ದಾನೆ, ನೋಡಿಯೇ ಸುಮ್ಮನಿದ್ದಾನೆ. ಅದನ್ನು ಅವನ ಬಾಯಿಂದಲೇ, ನಕ್ಕ ಅಷ್ಟೂ ಜನರ ಮುಂದೆ, ಹೇಳಿಸದೆ ಬಿಡುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ಆಣೆ ಹಾಕಿಕೊಂಡೆ.

ಮಳವಳ್ಳಿಯ ಆ ಮೆಕ್ಯಾನಿಕ್ ಹತ್ತಿರ ಗಾಡಿ ಸರಿಮಾಡಿಸಿಕೊಂಡು, ಹತ್ತು ದಿನ ಕೂತು ಕಲಿತೆ. ಆಮೇಲೆ ಮೆಕ್ಯಾನಿಕ್ಕಣ್ಣನ ಅಂಗಡಿಯ ಎದುರಿಗೇ, ಹೊಂಗೆ ಮರದ ಕೆಳಗೆ ನನ್ನ ಗಾಡಿ ನಿಲ್ಲಿಸತೊಡಗಿದೆ. ಹೊಸ ಗಾಡಿ ತಂದವರನ್ನೆಲ್ಲ ಕೂಗಿ ಕರೆದು ಅಳತೆ ಕಡ್ಡಿ ತೆಗೆಸಿ, ಬಟ್ಟೆಯಲ್ಲಿ ಒರೆಸಿ, ನೋಡುವುದನ್ನು ಹೇಳಿಕೊಟ್ಟೆ. ಪುಕ್ಕಟೆಯಾಗಿ. ಟೂ ಸ್ಟ್ರೋಕ್ ಅಂತೂ ಹೊಸದು ಸಿಗುತ್ತಲೇ ಇರಲಿಲ್ಲ. ಅವನ ಅಂಗಡಿಯ ಮುಂದೆ ನಿಲ್ಲುವ ಗಾಡಿಗಳನ್ನು ದಿನವೂ ಎಣಿಸುತ್ತಿದ್ದೆ. ಎಂಟು... ಐದು... ಎರಡು. ಎರಡಕ್ಕೆ ಇಳಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ.

ಕೊನೆಗೊಂದು ಬೆಳಿಗ್ಗೆ ಅವನೇ ರಸ್ತೆ ದಾಟಿ ಮರದ ಕೆಳಕ್ಕೆ ಬಂದ. ಆರೇಳು ಸವಾರರು ಅಲ್ಲಿದ್ದರು.

“ಅಮ್ಮಿ, ನಾನೂ ಫೋರ್ ಸ್ಟ್ರೋಕ್ ಕೆಲ್ಸ ಕಲ್ತಿವ್ನಿ. ಇವ್ರಿಗೆ ಒಂದ್ ಮಾತು ಯೋಳು. ನೀನ್ ಯೋಳುದ್ರೆ ಬತ್ತಾರೆ.”

“ಯೋಳ್ತೀನಿ ಕಣಣ್ಣ. ಮೊದ್ಲು ನೀನ್ ಒಂದು ಯೋಳು. ನನ್ ಗಾಡಿ ಒಳಗೆ ಆಯಿಲ್ ಒಣಗ್ತಾ ಇದ್ದುದ್ದು ನಿಂಗೊತ್ತಿತ್ತಾ?”

ನೆಲ ನೋಡಿಕೊಂಡು “ಗೊತ್ತಿತ್ತು” ಅಂದ.

“ಗಟ್ಟಿಯಾಗಿ ಯೋಳು. ಹಿಂದ್ಲೋರ್ಗೆ ಕೇಳ್ನಿಲ್ಲ.”

“ಗೊತ್ತಿತ್ತು ಕಣಮ್ಮಿ! ನಿನ್ ಗಾಡಿ ಓಡ್‌ಬುಟ್ರೆ ಎಲ್ರೂ ಅದನ್ನೇ ತತ್ತಾರೆ, ನನ್ ಅಂಗ್ಡಿಗೆ ಯಾರ್ ಬತ್ತಾರೆ ಅಂತ ಸುಮ್ಕಿದ್ದೆ.”

ಯಾರೂ ನಗಲಿಲ್ಲ. ಈಗ ನಾನು ಕೊಟ್ಟ ಮಾತು ಉಳಿಸಿಕೊಳ್ಳಬೇಕಾಗಿತ್ತು. ಉಳಿಸಿಕೊಳ್ಳಲಿಲ್ಲ. “ಕೇಳುದ್ರಲ್ಲ? ಇವ್ನ ಕೈಗೆ ಗಾಡಿ ಕೊಡಂಗಿದ್ರೆ ಕೊಡಿ” ಅಂದೆ. ಅವನು ಬಂದ ದಾರಿಯಲ್ಲೇ ರಸ್ತೆ ದಾಟಿದ. ಎರಡು ತಿಂಗಳಿಗೆ ಅಂಗಡಿ ಮುಚ್ಚಿತು. ಮೂರು ವರ್ಷದ ಹಿಂದೆ ಅವನೂ ತೀರಿಹೋದ. ಪಶ್ಚಾತ್ತಾಪ ಆಯಿತು ಅಂದರೆ ಸುಳ್ಳಾಗುತ್ತದೆ. ಆ ಬೆಳಗಿನ ಬೇವು ನನಗೆ ಇವತ್ತಿಗೂ ಬೆಲ್ಲವೇ.

ಮೊನ್ನೆ ಟೆಸ್ಟ್ ಮುಗಿಸಿಕೊಂಡು ಬರುವಾಗ ಮೊಮ್ಮಗಳು ಗಾಡಿ ಓಡಿಸುತ್ತಿದ್ದಳು, ನಾನು ಹಿಂದೆ, ತೊಡೆಯ ಮೇಲೆ ಒಂದು ಡಬ್ಬಿ ಮೈಸೂರು ಪಾಕು. ಮದ್ದೂರಿನಲ್ಲಿ ಅವನ ಮನೆ ಇರುವ ಬೀದಿಗೆ ತಿರುಗಿಸು ಅಂದೆ. ಬಾಗಿಲ ಮುಂದೆ ಮೂರು ಸಲ ಹಾರನ್ ಹೊಡೆಸಿದೆ. ಅವನ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಬಹಳ ಇಳಿದುಹೋಗಿದ್ದರು.

“ನನ್ ಮೊಮ್ಮಗ್ಳು ಕಣಕ್ಕ. ಲೈಸೆನ್ಸ್ ಟೆಸ್ಟು ಪಾಸಾದ್ಲು. ಯೋಳ್ಬುಟ್ಟು ಓಗುವಾ ಅಂತ ಬಂದೆ.”

ಆಕೆ ನನ್ನನ್ನೂ ಹುಡುಗಿಯನ್ನೂ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಯಾರ್ಗವ್ವ ಯೋಳಾಕೆ ಬಂದೆ?”

ಅವರ ಹಿಂದೆ ಬಾಗಿಲು ತೆರೆದೇ ಇತ್ತು, ಒಳಗಿನಿಂದ ಯಾರೂ ಬರಲಿಲ್ಲ. ಡಬ್ಬಿಯನ್ನು ಹಾಗೇ ಆಕೆಯ ಕೈಗೆ ಇಟ್ಟೆ.

ಬೀದಿ ತಿರುಗಿದ ಮೇಲೆ ಮೊಮ್ಮಗಳು, “ಅಜ್ಜಿ, ಒಂದಾದ್ರೂ ಮನೆಗೆ ಉಳಿಸ್ಕೋಬಾರ್ದಿತ್ತಾ?” ಅಂದಳು.

“ಸುಮ್ಕೆ ಮುಂದೆ ನೋಡ್ಕಂಡು ಓಡ್ಸಮ್ಮಿ” ಅಂದೆ.