ಟಿವಿಯ ಜಾಗದಲ್ಲಿ ಕೂತ ಯಮನೂರಪ್ಪ

ಯಮನೂರಪ್ಪ ಕಾಕಾ ಯಾರ ಮನೆಗೆ ಟಿವಿ ರಿಪೇರಿಗೆ ಹೋದರೂ ಮೊದಲು ಟಿವಿಯನ್ನು ಎತ್ತಿ ಹೊರಸಿನ ಮೇಲೆ ಮಲಗಿಸುತ್ತಿದ್ದರು. ಆಮೇಲೆ ಅದು ನಿಂತಿದ್ದ ಮೇಜನ್ನು ತಾವೇ ಹತ್ತಿ, ಗೋಡೆಗೆ ಬೆನ್ನು ಹಚ್ಚಿ, ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಬಿಳೀ ಧೋತರ, ಹಣೆಯ ಮೇಲೆ ವಿಭೂತಿ, ಅಂಗಿಯ ಜೇಬಿನಲ್ಲಿ ಟೆಸ್ಟರು. ಹೊಸಬರಿಗೆ ಕೈ ಮುಗಿಯಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ.

"ಈಗ ನಾನು ಟಿವಿ," ಎನ್ನುತ್ತಿದ್ದರು. "ನೆಟ್ಟಿನ ಡಬ್ಬಿ ಎಲ್ಲೈತಿ, ಕೈ ಮಾಡಿ ತೋರಸ್ರಿ."

ಮನೆಯವರು ತೋರಿಸಿದ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು, ಮದುವೆ ಮನೆಯ ಗದ್ದಲದಲ್ಲಿ ತಮ್ಮ ಬೀಗರನ್ನು ಹುಡುಕುವವರ ಹಾಗೆ. ನಡುವೆ ಬಂದದ್ದನ್ನೆಲ್ಲ ಜೋರಾಗಿ ಎಣಿಸುತ್ತಿದ್ದರು: "ಗ್ವಾಡಿ ಒಂದು. ಫ್ರಿಜ್ ಒಂದು. ಕಬ್ಬಿಣದ ಅಲಮಾರು ಒಂದು. ಇಷ್ಟೆಲ್ಲಾ ದಾಟಿ ಬರಾಕ ಅದು ನೆಟ್ ಐತೋ, ಬುಲ್ಡೋಜರ್ ಐತೋ?"

ಭಾಗ್ಯನಗರದಲ್ಲಿ ನಮ್ಮ ಓಣಿಯ ತುದಿಗೆ ಅವರ ಅಂಗಡಿ ಇತ್ತು. ರೇಡಿಯೋದಿಂದ ಶುರು ಮಾಡಿ, ಟೇಪ್ ರಿಕಾರ್ಡರ್ ದಾಟಿ, ಮಾಳಿಗೆಯ ಮೇಲಿನ ಆಂಟೇನಾಗಳ ಕಾಲದಲ್ಲಿ ಊರಿಗೆಲ್ಲ ಹೆಸರಾದವರು. ಆಂಟೇನಾ ಹೋಯಿತು, ಡಿಶ್ ಬಂತು. ಡಿಶ್ ಮೂಲೆಗೆ ಸೇರಿ ಈಗ ಸೋವಿ ಸ್ಮಾರ್ಟ್ ಟಿವಿ ಬಂದಿದೆ. ಆದರೆ ಆಂಟೇನಾ ಕಾಲದ ಒಂದು ಚಟ ಅವರನ್ನು ಬಿಡಲಿಲ್ಲ. ಮಾಳಿಗೆಯ ಮೇಲೆ ಕೊಳವೆ ತಿರುಗಿಸುತ್ತ ಕೆಳಗಿನವರಿಗೆ ಕೂಗುತ್ತಿದ್ದ ಹಾಗೆಯೇ, ರೌಟರನ್ನು ನಾಲ್ಕು ಬೆರಳು ಆಚೆ ಸರಿಸಿದರೂ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಬಂತೇನ?"

ಟಿವಿ ಅವರಿಂದ ಎರಡು ಮಾರು ದೂರದಲ್ಲಿರುತ್ತಿತ್ತು. ಆದರೂ ಯಾರಾದರೂ "ಬಂತ್ರಿ!" ಎಂದು ಅಷ್ಟೇ ಜೋರಾಗಿ ಕೂಗುವ ತನಕ ಅವರಿಗೆ ಸಮಾಧಾನವಿಲ್ಲ.

ನಾನು ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಯಾರಾದರೂ "ಎಲ್ಲಾರಿಗೂ ಗೊತ್ತಿರೂ ಮಾತಿದು" ಎಂದು ಬಾಯಿ ತೆರೆದರೆ, "ಎಲ್ಲಾರು ಅಂದ್ರ ಯಾರು?" ಎಂದು ನನ್ನ ಬಾಯಿಯೂ ತೆರೆದುಕೊಳ್ಳುತ್ತದೆ. ಮೇಜಿನ ಮೇಲೆ ಕೂತು ತಾನೇ ಟಿವಿ ಎನ್ನುವ ಮನುಷ್ಯನನ್ನು ಸುಮ್ಮನೆ ಬಿಡುವುದು ನನ್ನಿಂದಾಗುತ್ತಿರಲಿಲ್ಲ. ಅವರು ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ ಜಗಳ ತೆಗೆದೆ. ಟಿವಿಯ ಮೇಲೆ ವೈಫೈ ಸೇರಿದೆ ಎಂದು ಬರುತ್ತಿತ್ತು, ಏನು ಒತ್ತಿದರೂ ತೆರೆಯುತ್ತಿರಲಿಲ್ಲ. "ಇದು ನೆಟ್ಟಿನವರ ತಪ್ಪು ಕಾಕಾ, ಟಿವಿದಲ್ಲ," ಎಂದು ನಾನು ಮೂರು ಕಾರಣ ಕೊಟ್ಟೆ.

ಕಾಕಾ ಮೂರನ್ನೂ ಪೂರ್ತಿ ಕೇಳಿದರು. ಅದು ಅವರ ದೊಡ್ಡ ಗುಣ. ಆಮೇಲೆ ಕೇಳಿದರು: "ವಕೀಲವ್ವ, ಇವತ್ತು ತಾರೀಖ ಎಷ್ಟು?"

ಹೇಳಿದೆ.

"ಅದನ್ನ ಟಿವಿಗೆ ಕೇಳು."

ಸೆಟ್ಟಿಂಗಿಗೆ ಹೋಗಿ ನೋಡಿದರೆ, ಹಿಂದಿನ ದಿನ ಕರೆಂಟು ಹೋಗಿ ಬಂದ ಮೇಲೆ ಟಿವಿಯ ತಾರೀಖು ಎಷ್ಟೋ ವರ್ಷ ಹಿಂದಿನ ಜನವರಿ ಒಂದಕ್ಕೆ ಹೋಗಿ ಕೂತಿತ್ತು. "ನೋಡು, ಇದರ ಲೆಕ್ಕದಾಗ ನೀ ಇನ್ನೂ ಮೂರನೇ ಇಯತ್ತೆ ಓದಾಕತ್ತಿ. ಹಿಂಗ ತಾರೀಖ ತಪ್ಪಿದ ಅರ್ಜಿ ಹಿಡಕೊಂಡು ಹೋಗಿ ಬಾಗಿಲ ಬಡದ್ರ ಯಾವ ಆಫೀಸಿನವರು ಒಳಗ ಬಿಟ್ಟಾರು?" ತಾರೀಖು ಸರಿ ಮಾಡಿದರು. ಎಲ್ಲ ತೆರೆಯಿತು. ಅವತ್ತಿನಿಂದ ನನ್ನ ಹೆಸರು ವಕೀಲವ್ವ ಆಯಿತು, ಅವರ ಅಂಗಡಿಯಲ್ಲಿ ನನಗೊಂದು ಸ್ಟೂಲು ಕಾಯಂ ಆಯಿತು.

ಗಂಗಾವತಿ ಕಡೆಯ ಶ್ರೀರಾಮನಗರದಲ್ಲಿ ನನ್ನ ಗೆಳತಿಯ ಮನೆ ಇದೆ. ಅವರ ಟಿವಿ ಹೊಸ ರೌಟರಿನ ಹೆಸರನ್ನೇ ಹಿಡಿಯುತ್ತಿಲ್ಲ ಎಂದಾಗ ಕಾಕಾನನ್ನು ನಾನೇ ಕರೆದುಕೊಂಡು ಹೋದೆ. ಆ ಡಬ್ಬಿಯಿಂದ ಎರಡು ಹೆಸರಿನ ವೈಫೈ ಬರುತ್ತಿತ್ತು. ಒಂದು ಭಾಳ ಜೋರು, ಇನ್ನೊಂದು ಸಾದಾ. ಗೆಳತಿಯ ಅಪ್ಪನಿಗೆ ಜೋರಿನದೇ ಬೇಕು. ಆ ಸೋವಿ ಟಿವಿಗೆ ಸಾದಾ ಬಿಟ್ಟು ಬೇರೆ ತಿಳಿಯುವುದಿಲ್ಲ ಎಂದು ಎಷ್ಟು ಹೇಳಿದರೂ ಯಜಮಾನರು ಒಪ್ಪಲೊಲ್ಲರು. ಕಾಕಾ ಕಿಟಕಿಯಿಂದ ಭತ್ತದ ಗದ್ದೆಯನ್ನು ತೋರಿಸಿದರು: "ಯಜಮಾನ್ರ, ದೊಡ್ಡ ಕಾಲುವ್ಯಾಗ ನೀರು ಜೋರ ಹರೀತೈತಿ, ಖರೇ. ಆದ್ರ ನಿಮ್ಮ ಗದ್ದಿಗೆ ಬರೂದು ಯಾವುದರಾಗಿಂದ?"

"ಸಣ್ಣ ಕಾಲುವ್ಯಾಗಿಂದ," ಎಂದರು ಯಜಮಾನರು, ಮತ್ತು ರಿಮೋಟನ್ನು ಕಾಕಾನ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ನಾನು ಬಿಡಲಿಲ್ಲ. "ಹೋಲಿಕಿ ಅನ್ನೋದು ಪುರಾವೆ ಅಲ್ಲ ಕಾಕಾ."

"ಅಲ್ಲ," ಎಂದು ಕೂಡಲೇ ಒಪ್ಪಿಕೊಂಡರು. "ಆದ್ರ ಯಜಮಾನ್ರಿಗೆ ತಿಳೀತು."

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಒಂದು ಟಿವಿ ಪ್ರಕರಣ ನಮ್ಮ ಮನೆಯಲ್ಲೇ ಆಯಿತು.

ಅಣ್ಣನ ಮದುವೆಯಾಗಿ ಯಲಬುರ್ಗಾದಿಂದ ವೈನಿ ನಮ್ಮ ಮನೆಗೆ ಬಂದಳು. ಅವಳು ಬಂದ ಮೂರನೇ ದಿನ ಟಿವಿಗೆ ನೆಟ್ ಹಿಡಿಯುವುದು ನಿಂತಿತು. ಒಂದು ಗಳಿಗೆ ಬರುವುದು, ಆಮೇಲೆ ನಡುವೆ ಚಕ್ರ ತಿರುಗುತ್ತ ನಿಲ್ಲುವುದು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ದಿನಾ ಸಂಜೆ ಅದರಲ್ಲಿ ಪ್ರವಚನ ಕೇಳುತ್ತಿದ್ದಳು. ಕಂಪನಿಯವ ಬಂದು ಟಿವಿ ಸರಿ ಇದೆ, ನೆಟ್ ಸರಿ ಇಲ್ಲ ಎಂದ. ನೆಟ್ಟಿನವ ಬಂದು ನೆಟ್ ಸರಿ ಇದೆ, ಟಿವಿ ಸರಿ ಇಲ್ಲ ಎಂದ. ಇಬ್ಬರೂ ಚಹಾ ಕುಡಿದು ಹೋದರು. ಆಯಿ ತಾನೇ ಕಾರಣ ಕಂಡುಹಿಡಿದಳು.

"ಅಕಿ ಕಾಲಿಟ್ಟ ದಿವಸದಿಂದ ನೋಡು. ಕಾಲ್ಗುಣ."

"ಒಂದರ ಹಿಂದ ಒಂದಾದ್ರ, ಅದರಿಂದನ ಇದಾತು ಅಂತಲ್ಲ ಆಯಿ," ಎಂದೆ. "ಅದ ವಾರ ಗ್ಯಾಸ್ ಸಿಲಿಂಡರೂ ಬಂತು. ಅದರ ಕಾಲ್ಗುಣ ಯಾಕಿರಬಾರದು?"

"ಸಿಲಿಂಡರಿಗೆ ಕಾಲದಾವೇನ?"

ಸಭೆಯಲ್ಲಿ ಇಂಥ ಉತ್ತರಕ್ಕೆ ಚಪ್ಪಾಳೆ ಬೀಳುತ್ತದೆ. ಮನೆಯಲ್ಲಿ ಅದರ ಪೆಟ್ಟು ಒಬ್ಬಳ ಮೇಲೆ ಬಿತ್ತು. ಬೋರಿನ ಮೋಟರು ಸುಟ್ಟದ್ದು, ಮೊಸರು ಹುಳಿಯಾದದ್ದು ಎಲ್ಲವೂ ಟಿವಿಯ ಬೆನ್ನ ಹಿಂದೆ ಸಾಲುಗಟ್ಟಿದವು. ಬಂದವರ ಮುಂದೆಲ್ಲ ಆಯಿ ಅದನ್ನೇ ಹೇಳತೊಡಗಿದಳು. ಸಂಜೆ ಪ್ರವಚನದ ಹೊತ್ತಿಗೆ ವೈನಿ ಪಡಸಾಲಿಗೆ ಬರುವುದನ್ನೇ ಬಿಟ್ಟಳು. ಒಂದು ದಿನ ಅವಳು ಚೀಲಕ್ಕೆ ಸೀರೆ ತುಂಬುತ್ತಿದ್ದಳು.

"ಅಮಾಸಿಗೆ ಊರಿಗೆ ಹೋಗತೀನವಾ," ಎಂದಳು.

"ಯಾವಾಗ ಬರ್ತಿ?"

"ನಾ ಇಲ್ದಾಗ ಟಿವಿ ಹತ್ತಿತು ಅಂದ್ರ, ಯಾಕ ಬರ್ಲಿ?"

ಕಾಕಾ ಕುಷ್ಟಗಿಯ ನಂಟರ ಮನೆಗೆ ಹೋದವರು ಮರುದಿನ ಬಂದರು. ಅಂಗಡಿಯ ಬೀಗ ತೆಗೆಯುವ ಮೊದಲೇ ಅವರನ್ನು ಹಿಡಿದುಕೊಂಡು ಬಂದೆ. ದಾರಿಯಲ್ಲಿ ಟಿವಿಯ ಕತೆ ಹೇಳಿದೆ, ಕಾಲ್ಗುಣದ ಕತೆ ಹೇಳಲಿಲ್ಲ, ಹೇಳಲು ನಾಚಿಕೆಯಾಯಿತು.

ಕಾಕಾ ಮೇಜು ಹತ್ತಿ ಕೂತರು. ಯಾವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಟಿವಿ ಕೆಟ್ಟ ವಾರ ಮನ್ಯಾಗ ಹೊಸಾದು ಏನು ಬಂತು?"

"ಸೊಸಿ ಬಂದ್ಲು," ಎಂದಳು ಆಯಿ, ತಡವಿಲ್ಲದೆ. ವೈನಿ ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ನಾನು ಎದ್ದು ನಿಂತೆ.

ಕಾಕಾ ಕೈ ಎತ್ತಿದರು. "ಕೂಡು ವಕೀಲವ್ವ. ಯವ್ವಾ ಹೇಳಿದ್ದರಾಗ ಸುಳ್ಳಿಲ್ಲ."

ಆ ಕ್ಷಣ ಅವರನ್ನು ಮೇಜಿನಿಂದ ಕೆಳಗೆ ಎಳೆಯಬೇಕೆನ್ನಿಸಿತು. ಅವರು ಮಾತ್ರ ವೈನಿಯ ಕಡೆ ತಿರುಗಿದರು. "ತಂಗೀ, ನಿನ್ನ ಕೂಡ ಏನೇನು ಸಾಮಾನು ಬಂತವಾ?"

"ಒಂದು ಕಬ್ಬಿಣದ ರ‍್ಯಾಕ್ರಿ," ಎಂದಳು ಸಣ್ಣ ದನಿಯಲ್ಲಿ. "ಮತ್ತ ಭಾಂಡೆ."

ನಮ್ಮ ಕಡೆ ಸೊಸೆಯ ತವರಿನ ಭಾಂಡೆಗಳನ್ನು ಒಳಗಿಟ್ಟರೆ ಬೀಗರಿಗೆ ಅವಮಾನ. ಬಂದುಹೋಗುವವರಿಗೆ ಕಾಣುವಂತೆ ಪಡಸಾಲಿಯಲ್ಲೇ ಹೊಂದಿಸಿ ಇಡಬೇಕು. ಟಿವಿಯ ಎದುರಿನ ಗೋಡೆಯುದ್ದಕ್ಕೂ ನಿಂತಿತ್ತು ಆ ರ‍್ಯಾಕು: ಮೇಲೆ ಕೊಡಗಳು, ನಡುವೆ ನಿಲ್ಲಿಸಿದ ತಾಟುಗಳು, ಕೆಳಗೆ ಹಿಟ್ಟು ಕಲಸುವ, ಎಮ್ಮೆ ಕರು ಮಲಗುವಷ್ಟು ದೊಡ್ಡ ಪರಾತ. ಪ್ರತಿಯೊಂದರ ಮೇಲೂ ವೈನಿಯ ಅಪ್ಪನ ಹೆಸರು ಕೊರೆಸಿತ್ತು.

"ಇವನ್ನ ಯಾರು ಹೊಂದಿಸ್ಯಾರ್ರಿ ಯವ್ವಾ?"

"ನಾನ! ಮೂರನೇ ದಿವಸ ಕೈಯಾರೆ ಹೊಂದಿಸೀನಿ, ಒಂದೊಂದ ತಾಟು ವರಸಿ," ಎಂದಳು ಆಯಿ, ಹಿಗ್ಗಿ.

"ಭಾಳ ಛಲೋ ಹೊಂದಿಸೀರಿ. ಒಂದು ಸಂದಿ ಬಿಟ್ಟಿಲ್ಲ." ಕಾಕಾ ತಲೆದೂಗಿದರು. "ಗ್ವಾಡಿ ಅತ್ತಾಗ ಡಬ್ಬಿ ಐತಿ, ಇತ್ತಾಗ ನಾನು ಕುಂತೀನಿ, ನಡುವ ಇಷ್ಟು ಸ್ಟೀಲು. ಇರುವಿ ಸೈತ ದಾಟಾಕ ಆಗಂಗಿಲ್ಲ, ನೆಟ್ ಹ್ಯಾಂಗ ದಾಟೀತು?"

"ಫೋನಿಗೆ ಇಲ್ಲೇ ನೆಟ್ ಬರ್ತೈತಲ್ಲ?" ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಿನ್ನ ಫೋನಿನ ಕಿವಿ ಚುರುಕು. ಸೋವಿ ಟಿವಿ ಕಿವಿ ಮಂದ. ಅದಕ್ಕ ಎದುರಿಗೆ ನಿಂತು ಮಾತಾಡಬೇಕು."

ಟಿವಿಯನ್ನು ಮೇಜಿಗೆ ಏರಿಸಿದೆವು. ಕಾಕಾ ಅದರ ಸ್ವಿಚ್ಚು ಆರಿಸಿ, ಪದ್ಧತಿಯಂತೆ, ಎಲ್ಲರಿಗೂ ನೂರರ ತನಕ ಜೋರಾಗಿ ಎಣಿಸಲು ಹೇಳಿದರು. ಆಯಿ ಎಣಿಸಿದಳು, ನಾನು ಎಣಿಸಿದೆ, ವೈನಿಯೂ ಬಾಗಿಲಲ್ಲೇ ನಿಂತು ತುಟಿಯಲ್ಲಿ ಎಣಿಸಿದಳು. ಅಷ್ಟರಲ್ಲಿ ಕಾಕಾ ತಾಟು, ಕೊಡ, ಪರಾತಗಳನ್ನೆಲ್ಲ ನೆಲಕ್ಕಿಳಿಸಿ, ರ‍್ಯಾಕನ್ನು ಆಚೆ ಸರಿಸಿ, ಸ್ವಿಚ್ಚು ಹಾಕಿ ಕೂಗಿದರು: "ಬಂತೇನ?"

ಬಂತು. ಚಕ್ರ ತಿರುಗಲಿಲ್ಲ. ಪ್ರವಚನ ನಿಲ್ಲದೆ ನಡೆಯಿತು.

"ಇಷ್ಟು ಸಾಲದು," ಎಂದೆ ನಾನು. "ತಗದಾಗ ಬಂದ್ರ ಪುರಾವೆ ಅಲ್ಲ. ಮತ್ತ ಇಟ್ಟಾಗ ಹೋಗಬೇಕು."

ಕಾಕಾ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಯಾವ ಸ್ಪರ್ಧೆಯ ತೀರ್ಪುಗಾರರೂ ನನ್ನನ್ನು ಹಾಗೆ ನೋಡಿರಲಿಲ್ಲ. "ಹಾಂ! ಇದು ಮಾತು. ತಂಗೀ, ಬಾ, ನಿನ್ನ ಭಾಂಡೆ ನೀನ ಇಡು."

ರ‍್ಯಾಕು ಮೊದಲಿನ ಜಾಗಕ್ಕೆ ಬಂತು. ವೈನಿ ಪಡಸಾಲಿಗೆ ಬಂದು ಒಂದೊಂದೇ ಇಟ್ಟಳು. ಕೊನೆಗೆ ಪರಾತ ಇಟ್ಟು ಸ್ವಲ್ಪ ಹೊತ್ತಿಗೆ ಚಕ್ರ ತಿರುಗಲು ಶುರುವಾಯಿತು. ಎಲ್ಲ ತೆಗೆದಳು, ಬಂತು. ಇಟ್ಟಳು, ಹೋಯಿತು. ಮೂರನೇ ಸಲಕ್ಕೆ ಅವಳಿಗೆ ನಗು ತಡೆಯಲಾಗಲಿಲ್ಲ. ಆಯಿ ಪರಾತವನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು.

"ಮತ್ತ ಇವನ್ನ ಎಲ್ಲಿ ಇಡೂದಪಾ ಯಮನೂರಿ?" ಎಂದಳು ಮೆತ್ತಗೆ.

"ತಲಬಾಗಿಲ ಬಾಜೂಕ ಇಡ್ರಿ. ಬಂದವರು ಒಳಗ ಕಾಲಿಡೂದರಾಗ ಕಾಣಬೇಕು, ನಿಮ್ಮ ಬೀಗರು ಎಂಥವರು ಅಂತ."

ಆಯಿಗೆ ಅದು ಹಿಡಿಸಿತು. ಚೀಲದಲ್ಲಿದ್ದ ಸೀರೆಗಳು ಆ ಸಂಜೆಯೇ ಅಲಮಾರಿಗೆ ಹೋದವು. ಆಯಿಯ ಕಣ್ಣು ತಪ್ಪು ಹೇಳಿರಲಿಲ್ಲ. ಸೊಸೆ ಬಂದ ವಾರವೇ ಟಿವಿ ಕೆಟ್ಟದ್ದು ಖರೆ. ಆಯಿ ಕೊಟ್ಟ ಕಾರಣ ಸುಳ್ಳೆಂದು ನಾನು ಅವಳು ಕಂಡದ್ದನ್ನೂ ತಳ್ಳಿಹಾಕಿದ್ದೆ. ಮೂರು ವರ್ಷ ವಾದ ಕಲಿತರೂ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಹೋದ ವರ್ಷ ಕಾಕಾ ಅಂಗಡಿ ಮುಚ್ಚಿದರು. "ಮೊಣಕಾಲು ಮೇಜ ಹತ್ತಾಕ ಒಲ್ಲೆ ಅಂತಾವ. ಕೆಳಗ ಕುಂತು ಟಿವಿ ಹ್ಯಾಂಗ ಆಗ್ಲಿ?" ಎಂದರು. ಹನುಮಸಾಗರದಲ್ಲಿ ಮಗಳ ಮನೆ ಸೇರಿದರು. ಹೋಗುವ ದಿನ ನಮ್ಮ ಮನೆಗೆ ಬಂದು, ಪಡಸಾಲಿಯ ಮೇಜನ್ನು ಒಮ್ಮೆ ಕೈಯಿಂದ ತಟ್ಟಿ, "ನಾ ಹೇಳಿದ್ದರಾಗ ಸುಳ್ಳು ಏನರ ಸಿಕ್ಕರ ಫೋನ್ ಮಾಡು ವಕೀಲವ್ವ," ಎಂದು ಹೇಳಿ ಹೋದರು.

ಸಿಕ್ಕಿತು, ಮಾಡಿದೆ. "ಕಾಕಾ, ಟಿವಿ ಆರಿಸಿ ನೂರು ಎಣಸೂದು ಬ್ಯಾಡಂತ. ಮೂವತ್ತು ಸಾಕಂತ."

"ಗೊತ್ತೈತಿ," ಎಂದರು ಅತ್ತಲಿಂದ. "ಟಿವಿಗೆ ಮೂವತ್ತು ಸಾಕು. ಮನ್ಯಾಗಿನ ಮಂದಿ ತಣ್ಣಗಾಗಾಕ ನೂರು ಬೇಕು."

ಇನ್ನೊಂದು ದೂರೂ ಇತ್ತು, ಹೇಳಿದೆ. ಈಗ ಓಣಿಯಲ್ಲಿ ಯಾರ ಟಿವಿ ಕೆಟ್ಟರೂ ಕಾಕಾನನ್ನು ನೋಡಿ ಕಲಿತ ವೈನಿಯೇ ಹೋಗಿ ನೋಡುತ್ತಾಳೆ, ಸರಿ ಮಾಡಿ ಬರುತ್ತಾಳೆ. ಆದರೆ ಆಯಿ ಮಾತ್ರ ಕಟ್ಟೆಯ ಮೇಲೆ ಕೂತು, "ನಮ್ಮ ಸೊಸಿ ಕಾಲಿಟ್ಟ ಮನ್ಯಾಗ ಟಿವಿ ತಾನ ಹತ್ತತೈತಿ, ಅಂಥಾ ಕಾಲ್ಗುಣ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಹಾಗಾದರೆ ಅಷ್ಟೆಲ್ಲ ಭಾಂಡೆ ತೆಗೆದು ಇಟ್ಟು ಕೊಟ್ಟ ಪುರಾವೆ ಏನಾಯಿತು?

ಕಾಕಾ ಕೆಮ್ಮು ಬರುವ ತನಕ ನಕ್ಕರು. "ನೀ ಗೆಲ್ಲಾಕ ಹೋಗಿದ್ದೇನು, ಟಿವಿ ಹಚ್ಚಾಕ ಹೋಗಿದ್ದೇನು?"

ನಿನ್ನೆ ಸಂಜೆ ಎದುರುಮನೆಯವರು ವೈನಿಯನ್ನು ಕರೆದರು. ನಾನು ಮತ್ತು ಆಯಿ ಕಟ್ಟೆಯ ಮೇಲೆ ಕೂತಿದ್ದೆವು. ಆಯಿ ಮತ್ತೆ ಕಾಲ್ಗುಣದ ಮಾತು ತೆಗೆದಳು. ನನ್ನ ಹತ್ತಿರ ನಾಲ್ಕು ಉತ್ತರ ತಯಾರಿದ್ದವು, ನಾಲ್ಕೂ ಒಳ್ಳೆಯವು. ಅಷ್ಟರಲ್ಲಿ ಎದುರುಮನೆಯ ಒಳಗಿಂದ, ಓಣಿಗೆಲ್ಲ ಕೇಳುವಂತೆ, ವೈನಿಯ ದನಿ ಬಂತು:

"ಬಂತೇನ್ರೀ?"

ಆ ಮನೆಯ ಟಿವಿ ನನಗೆ ಕಾಣುತ್ತಿರಲಿಲ್ಲ, ನನ್ನನ್ನು ಯಾರೂ ಕೇಳಿಯೂ ಇರಲಿಲ್ಲ. ಆದರೂ, ಪುರಾವೆಯೊಂದೂ ಇಲ್ಲದೆ, ಕೂತಲ್ಲಿಂದಲೇ ಕೂಗಿದೆ:

"ಬಂತು!"