ಅತ್ತೆಯ ನೋಟ್‌ಬುಕ್ಕೂ ಅರವತ್ತಾರು ಪುಸ್ತಕಗಳೂ

ನನ್ನ ಸೋದರತ್ತೆ ಹೆರಿಗೆ ವಾರ್ಡಿನ ನರ್ಸ್ ಆಗಿದ್ದು ನಿವೃತ್ತಳಾದವಳು. ಇರುವುದು ಸವದತ್ತಿಯಲ್ಲಿ. ಎರಡು ವರ್ಷದ ಹಿಂದೆ ನಾನು ಕಲಿಸುವ ಶಾಲೆಗೆ ರಜೆ ಇದ್ದಾಗ ಹೋಗಿದ್ದೆ. ಹೊಲಿಗೆ ಬಿಚ್ಚಿದ್ದ ತನ್ನ ಬೈಬಲನ್ನೂ ಒಂದು ದಪ್ಪ ನೋಟ್‌ಬುಕ್ಕನ್ನೂ ಅವಳು ನನ್ನ ಮುಂದಿಟ್ಟಳು.

"ನಿಮ್ಮ ಬೈಲಹೊಂಗಲದಾಗ ಬೈಂಡಿಂಗ್ ಮಾಡವ್ರು ಅದಾರಲ್ಲ, ಇದನ್ನ ಗಟ್ಟಿ ಮಾಡಿಸ್ಕೊಂಡು ಬಾ. ಈ ನೋಟ್‌ಬುಕ್ಕನ್ನೂ ಕಡೀಗೆ ಸೇರಿಸಿ ಹೊಲಿಸು."

"ಬೈಬಲ್ಲಿಗಾ, ಅತ್ತಿ?"

"ಹೂಂ. ದೇವರು ಆವಾಗಿನವ್ರಿಗೆ ಹೇಳಿದ್ದು ಅದರಾಗ ಐತಿ. ನನಗ ಹೇಳಿದ್ದು ಇದರಾಗ ಐತಿ."

ವಾದ ಮಾಡಲಿಲ್ಲ, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಬೈಲಹೊಂಗಲದ ಬೈಂಡಿಂಗ್ ಅಂಗಡಿಯ ಮುಸ್ಲಿಂ ಹಿರಿಯರು ನೋಟ್‌ಬುಕ್ ತೆರೆದು ನೋಡಿ ಮುಚ್ಚಿಟ್ಟರು.

"ಇದು ಕೈಬರಹ ಐತಲ್ರಿ ಅಕ್ಕಾರ. ದೇವರ ಕಿತಾಬಿಗೆ ಇದನ್ನ ಹೊಲಿಯಾಕ ನನಗ ಧೈರ್ಯ ಸಾಲೂದಿಲ್ಲ. ಒಮ್ಮೆ ನಿಮ್ಮ ಪಾಸ್ಟರ್‌ನ ಕೇಳ್ರಿ."

ಮುಂದಿನ ಭಾನುವಾರ ಸವದತ್ತಿಗೆ ಹೋಗಿ, ಆರಾಧನೆ ಮುಗಿದ ಮೇಲೆ ಅಲ್ಲಿನ ಸಭೆಯ ಪಾಸ್ಟರನ್ನು ಅತ್ತೆಯ ಮನೆಗೇ ಕರೆದುಕೊಂಡು ಹೋದೆ. ಅವರು ಸಮಾಧಾನದಿಂದಲೇ ಹೇಳಿದರು: "ದೇವರು ಮಾತಾಡೂದು ನಿಂತಿಲ್ಲ ಅಕ್ಕಾ. ಆದ್ರ ಬೈಬಲ್ ಬರಿಯೂದು ಮುಗದೈತಿ. ಯೇಸುವಿನ ಅಪೊಸ್ತಲರ ಕಾಲ ಹೋದ ಮ್ಯಾಲ ಅದಕ್ಕ ಒಂದಕ್ಷರಾನೂ ಸೇರಿಸಾಕ ಬರೂದಿಲ್ಲ."

"ನನ್ನ ಜೋಡಿ ಡ್ಯೂಟಿ ಮಾಡ್ತಿದ್ದ ಕಥೋಲಿಕ ನರ್ಸ್ ಬೈಬಲ್‌ನಾಗ ಎಪ್ಪತ್ತಮೂರು ಪುಸ್ತಕ ಅದಾವು. ನಮ್ಮದರಾಗ ಅರವತ್ತಾರು. ಮುಗದೈತಿ ಅಂತೀರಿ, ಯಾರದ ಮುಗದೈತ್ರಿ?"

ಪಾಸ್ಟರ್ ಚಹಾ ಕೆಳಗಿಟ್ಟರು. ಆ ಏಳು ಪುಸ್ತಕಗಳೂ ಹಳೆಯವೇ, ಒಪ್ಪುವುದರಲ್ಲಿ ಭೇದ ಬಂತು, ಆದರೆ ಎರಡೂ ಕಡೆಯವರು ಆಮೇಲೆ ಹೊಸದನ್ನು ಸೇರಿಸಿಲ್ಲ ಎಂದು ಬಿಡಿಸಿ ಹೇಳಿದರು. ಅತ್ತೆ ಕೇಳಿಸಿಕೊಂಡಳು, ಒಪ್ಪಲಿಲ್ಲ.

ಊರಿಗೆ ಮರಳಿದ ಮೇಲೆ ನೋಟ್‌ಬುಕ್ ಓದಿದೆ. ಕನಸು, ದರ್ಶನ ಇರಬಹುದೆಂದುಕೊಂಡಿದ್ದೆ. ಇದ್ದದ್ದು ವಾರ್ಡು. ಒಂದು ಪುಟದಲ್ಲಿ, ಸಾಲಹಳ್ಳಿಯ ಹೆಣ್ಣುಮಗಳ ಕೂಸು ಅಳಲಿಲ್ಲ, ಎಲ್ಲರೂ ಕೈಬಿಟ್ಟರು, "ಇನ್ನೊಮ್ಮೆ ಬೆನ್ನು ಉಜ್ಜು" ಎಂದು ಕೇಳಿಸಿತು, ಉಜ್ಜಿದೆ, ಅತ್ತಿತು ಎಂದಿತ್ತು. ಮತ್ತೊಂದು ಪುಟದಲ್ಲಿ ಇನ್ನೊಂದು ಹೆರಿಗೆಯ ಬಗ್ಗೆ ಎರಡೇ ಸಾಲು: "ಇವತ್ತು ಏನೂ ಹೇಳಲಿಲ್ಲ. ತಾಯಿ ಹೋದಳು."

ಎರಡನ್ನೂ ಬೇರೆಬೇರೆಯಾಗಿಯೇ ಬೈಂಡ್ ಮಾಡಿಸಿದೆ, ಒಂದೇ ಬಗೆಯ ಕಪ್ಪು ರೆಕ್ಸಿನ್ ಹಾಕಿಸಿ. ಕೈಗೆ ಕೊಟ್ಟಾಗ ಅತ್ತೆ ಎರಡನ್ನೂ ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು. ಆಮೇಲೆ ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಕೇಳದೆ ನಾನೇ ತೀರ್ಮಾನಿಸಿದ್ದು ತಪ್ಪು ಎಂದು ಆಗ ಅನ್ನಿಸಿತು.

ಕ್ರಿಸ್ಮಸ್ ಹತ್ತಿರದ ಒಂದು ಭಾನುವಾರ, ಸಭೆಯವರು ದೇವರು ತಮಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳುವ ಹೊತ್ತಿನಲ್ಲಿ ನೋಟ್‌ಬುಕ್ಕಿನಿಂದ ಏನಾದರೂ ಓದುವಂತೆ ಪಾಸ್ಟರ್ ಅವಳನ್ನು ಕರೆದರು. ನಾನೂ ಹೋಗಿದ್ದೆ. ಕೂಸು ಬದುಕಿದ ಪುಟ ಓದುತ್ತಾಳೆ ಎಂದುಕೊಂಡರೆ, ಅವಳು ಓದಿದ್ದು ಆ ಎರಡು ಸಾಲು. ಓದಿ ಕುಳಿತಳು. ಯಾರೂ ಆಮೆನ್ ಅನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಗೆ ಬಂದಾಗ ಅತ್ತೆ ನನ್ನ ಕೈ ಹಿಡಿದಳು. "ಓದಿದೆ ಅಂದ್ರ ಒಪ್ಪಿದೆ ಅನ್ಕೋಬ್ಯಾಡ," ಎಂದಳು. "ನಡಿ, ಊಟ ಮಾಡ್ಕೊಂಡು ಹೋಗು."

ನಾನು ಪಾಸ್ಟರ್ ಹೇಳಿದ್ದೇ ಸರಿ ಎಂದು ನಂಬಿದವಳು, ಈಗಲೂ. ಆದರೆ ಆ ದಿನ ಬೈಬಲಿನಿಂದ ಓದಿದ ವಾಕ್ಯಭಾಗ ಯಾವುದೆಂದು ಮರೆತಿದ್ದೇನೆ. ಆ ಎರಡು ಸಾಲು ಮರೆತಿಲ್ಲ.